ಯಲಿಯೂರಿನ ಶ್ಯಾಮಣ್ಣ

ಬುಧವಾರ ಬೆಳಿಗ್ಗೆ ಮಂಡ್ಯದ ಬಸ್ಸಿನಲ್ಲಿ ಬಂದ ಅಂಚೆ ಚೀಲದ ಬಾಯಿ ಬಿಚ್ಚಿ ಮೇಜಿನ ಮೇಲೆ ಸುರಿದಾಗ, ಕಾಗದಗಳ ರಾಶಿಯ ನಡುವೆ ತನ್ನದೇ ಅಕ್ಷರ ತನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಿರುವುದನ್ನು ಕಂಡು ಪೋಸ್ಟ್ ಮಾಸ್ಟರ್ ಯೋಗಾನರಸಿಂಹನ ಎದೆ ಧಸಕ್ಕೆಂದಿತು. ಧಸಕ್ಕೆನ್ನುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಸೋಮವಾರ ಕಚೇರಿ ಕೆಲಸಕ್ಕೆಂದು ಮಂಡ್ಯಕ್ಕೆ ಹೋಗಿದ್ದವನು, ಅಲ್ಲಿನ ಪೋಸ್ಟಾಫೀಸಿನಲ್ಲಿ ಗುರುತಿನವರು ಯಾರೂ ಕಾಣದ ಹೊತ್ತು ನೋಡಿ, ಬಿಳಿ ಬಟ್ಟೆಯಲ್ಲಿ ಹೊಲಿದ ಈ ಪಾರ್ಸಲನ್ನು ರಿಜಿಸ್ಟರ್ ಮಾಡಿ ಬಂದಿದ್ದ. ಮಳವಳ್ಳಿಯ ವಿಳಾಸ ಬರೆದ ಪಾರ್ಸಲು ಮಳವಳ್ಳಿಗೆ ಬರದೆ ಕಾಶಿಗೆ ಹೋಗುತ್ತದೆಯೆ? ಅದರಲ್ಲೂ ನಾಟಕದ ಕಂಪನಿ ಟೆಂಟು ಹಾಕಿದ್ದ ಮೈದಾನ ತನ್ನ ಪೇಟೆ ಬೀದಿಯ ಸಣ್ಣ ಪೋಸ್ಟಾಫೀಸಿನ ಸರಹದ್ದಿಗೇ ಸೇರಿದ್ದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಹತ್ತೊಂಬತ್ತು ವರ್ಷ ಊರಿನವರ ಸುಖದುಃಖಗಳಿಗೆಲ್ಲ ಮೊಹರು ಹೊಡೆದವನು, ತನ್ನ ಗುಟ್ಟಿಗೂ ತಾನೇ ಮೊಹರು ಹೊಡೆಯಬೇಕಾಗುತ್ತದೆಂದು ಮಾತ್ರ ಯೋಚಿಸಿರಲಿಲ್ಲ. ‘ಗಾನಕೋಗಿಲೆ ಮಲ್ಲಿಗಮ್ಮನವರಿಗೆ, ನಾಟಕ ಕಂಪನಿ ಕ್ಯಾಂಪು, ಮಳವಳ್ಳಿ’ ಎಂದು ದುಂಡಗೆ ಬರೆದಿತ್ತು. ಕೆಳಗೆ, ಕಳುಹಿಸಿದವರು: ಶ್ಯಾಮಣ್ಣ, ಯಲಿಯೂರು. ಸುಳ್ಳು ಹೆಸರು, ಸುಳ್ಳು ಊರು. ಕಿಟಕಿಯಲ್ಲಿ ಕೂತ ಗುಮಾಸ್ತ ‘ಕಳಿಸಿದವರ ಹೆಸರು ಬರೀರಿ’ ಅಂದಾಗ ಪೆನ್ನಿನ ತುದಿಗೆ ಬಂದದ್ದು ಆ ಹೆಸರು. ಊರಿನ ವಿಚಾರಕ್ಕೆ ಬಂದರೆ, ಮೈಸೂರಿನ ರೈಲಿನಲ್ಲಿ ಹೋಗುವಾಗಲೆಲ್ಲ ಕಿಟಕಿಯಾಚೆ ಆ ಬೋರ್ಡು ಕಾಣುತ್ತಿತ್ತು, ಅಷ್ಟೆ. ಮೊಹರು ಹೊಡೆಯುವಾಗ ಅರ್ಧ ಮೊಹರು ಕೋಗಿಲೆಯ ಮೇಲೂ ಅರ್ಧ ಮೇಜಿನ ಮೇಲೂ ಬಿತ್ತು.

“ಚಿಕ್ಕಮಾದು, ಇವತ್ತು ಮೊದಲು ಟೆಂಟಿನ ಕಡೆ ಹೋಗು” ಎಂದ. ಪೋಸ್ಟ್‌ಮನ್ ಚಿಕ್ಕಮಾದು ಚೀಲಕ್ಕೆ ಕಾಗದ ತುಂಬುತ್ತಿದ್ದವನು ತಲೆಯೆತ್ತಿ, “ಯಾಕ್ ಸ್ವಾಮಿ? ದಿನಾ ಕೋಟೆ ಬೀದಿ ಮುಗುಸ್ಕೊಂಡಲ್ವಾ ಓಗಾದು?” ಎಂದ. “ರಿಜಿಸ್ಟರ್ ಪಾರ್ಸಲು ಕಣಯ್ಯ. ಜವಾಬ್ದಾರಿ” ಎಂದು ಯೋಗಾನರಸಿಂಹ ರೇಗಿದ. ರೇಗಿದ್ದು ಅಗತ್ಯಕ್ಕಿಂತ ಜೋರಾಯಿತೆಂದು ತಕ್ಷಣ ಅನ್ನಿಸಿ, ಅದನ್ನು ಮುಚ್ಚುವುದಕ್ಕೆ ಎರಡು ಸಲ ಕೆಮ್ಮಿದ. ಈ ಕೆಮ್ಮೂ ಸುಳ್ಳೇ. ಕಳೆದ ಹತ್ತು ದಿನಗಳಿಂದ ಅವನು ಮನೆಯಲ್ಲಿ ಕೆಮ್ಮುತ್ತಿದ್ದಾನೆ, ಮನೆಯಲ್ಲಿ ಕೆಮ್ಮಿ ಕೆಮ್ಮಿ ಈಗ ಕಚೇರಿಯಲ್ಲೂ ಅಭ್ಯಾಸವಾಗಿದೆ. ಹೆಂಡತಿ ಪಂಕಜಮ್ಮ ಪಾಪ, ಅತಿಮಧುರ, ಹಿಪ್ಪಲಿ, ಒಣಶುಂಠಿಗಳನ್ನು ಕುಟ್ಟಿ, ವಸ್ತ್ರದಲ್ಲಿ ಜರಡಿ ಹಿಡಿದು, ಕಲ್ಲುಸಕ್ಕರೆ ಪಾಕಕ್ಕೆ ಜೇನುತುಪ್ಪ ಹಾಕಿ ಒಂದು ಮಧ್ಯಾಹ್ನವೆಲ್ಲ ಒಲೆಯ ಮುಂದೆ ಕೂತು ಲೇಹ್ಯ ಮಾಡಿದ್ದಳು. “ಹೊತ್ತಲ್ಲದ ಹೊತ್ತಲ್ಲಿ ತಣ್ಣೀರು ಕುಡೀಬೇಡಿ ಅಂದ್ರೆ ಕೇಳಲ್ಲ ನೀವು” ಎಂದು ಗದರುತ್ತಲೇ ಅವನ ಬಾಯಿಗೆ ಮೊದಲ ಉಂಡೆ ಹಾಕಿದ್ದಳು. ಅವನು ಅದನ್ನು ನುಂಗಿ, ‘ಆಹಾ’ ಎಂದು, ರಾತ್ರಿ ಅವಳು ಮಲಗಿದ ಮೇಲೆ ಮುಕ್ಕಾಲು ಪಾಲನ್ನು ಹಾಲಿನಪುಡಿಯ ಡಬ್ಬಕ್ಕೆ ತುಂಬಿ, ಅವಳದೇ ಸೂಜಿದಾರದಿಂದ ಬಟ್ಟೆ ಹೊಲಿದಿದ್ದ. ಹೊಲಿಯುವಾಗ ಬೆರಳಿಗೆ ಸೂಜಿ ಚುಚ್ಚಿತು. ಪಾಪಕ್ಕೆ ಆಗಿಂದಾಗಲೇ ಶಿಕ್ಷೆಯಾದಂತೆನಿಸಿ ಸ್ವಲ್ಪ ಸಮಾಧಾನವೂ ಆಯಿತು. ಲೇಹ್ಯ ಇಷ್ಟು ಬೇಗ ಖಾಲಿಯಾದರೂ ಕೆಮ್ಮು ಯಾಕೆ ನಿಂತಿಲ್ಲವೆಂದು ಪಂಕಜಮ್ಮ ಈಗ ಡಾಕ್ಟರ ಹತ್ತಿರ ಹೋಗೋಣವೆನ್ನುತ್ತಿದ್ದಾಳೆ.

ಇದೆಲ್ಲ ಶುರುವಾದದ್ದು ಮೂರು ವರ್ಷದ ಹಿಂದೆ. ಷಡ್ಡಕನ ಮಗನ ಉಪನಯನಕ್ಕೆಂದು ಮಂಡ್ಯಕ್ಕೆ ಹೋದವನು, ಊಟದ ಮೇಲೆ ಇಸ್ಪೀಟಿಗೆ ಕೂತವರ ಗದ್ದಲ ತಾಳಲಾರದೆ ಹೊರಗೆ ಬಂದು, ಬಿಸಿಲಿಗೆ ಎಲ್ಲಾದರೂ ತಲೆ ಮರೆಸಿಕೊಂಡರಾಯಿತೆಂದು ಭಾನುವಾರದ ಮಧ್ಯಾಹ್ನದ ನಾಟಕಕ್ಕೆ ಟಿಕೀಟು ತೆಗೆದುಕೊಂಡಿದ್ದ. ನಿದ್ದೆ ಮಾಡುವ ಉದ್ದೇಶವಿತ್ತು. ಪರದೆ ಎದ್ದಿತು, ಕಾಡುಪಾಲಾದ ರಾಣಿಯ ಪಾರ್ಟಿನಲ್ಲಿ ಮಲ್ಲಿಗಮ್ಮ ಬಂದಳು, ಹಾರ್ಮೋನಿಯಂ ಮಾಸ್ತರರು ಒಮ್ಮೆ ಶ್ರುತಿ ಎಳೆದರು, ಅವಳು ಬಾಯಿ ತೆರೆದಳು. ಅಷ್ಟೆ. ಮೇಲಿನ ಷಡ್ಜದಲ್ಲಿ ಅವಳು ನಿಂತ ಆ ಐದಾರು ಕ್ಷಣಗಳಲ್ಲಿ ಯೋಗಾನರಸಿಂಹನಿಗೆ ತಾನು ನಲವತ್ತು ದಾಟಿದ ಪೋಸ್ಟ್ ಮಾಸ್ಟರನೆಂಬುದು, ಸಂಧ್ಯಾವಂದನೆ ಬಿಟ್ಟು ಆರು ತಿಂಗಳಾಯಿತೆಂಬುದು, ತನ್ನನ್ನು ಕಂಡರೆ ಮಾವನ ಮನೆಯವರಿಗೆ ಅಷ್ಟಕ್ಕಷ್ಟೇ ಎಂಬುದು ಎಲ್ಲ ಮರೆತುಹೋಯಿತು. ಅದೂ ಸೇರಿ ಮಂಡ್ಯದಲ್ಲಿ ಹನ್ನೊಂದು ಸಲ, ಮದ್ದೂರಿನಲ್ಲಿ ಕ್ಯಾಂಪಿದ್ದಾಗ ಹದಿನಾರು ಸಲ. ಮನೆಯಲ್ಲಿ ಆಡಿಟ್ ಎನ್ನುತ್ತಿದ್ದ. ಮದ್ದೂರಿನ ಅಂಚೆಯನ್ನು ಇಷ್ಟು ಸಲ ಆಡಿಟ್ ಮಾಡುತ್ತಾರೆಂದರೆ ಅಲ್ಲೇನೋ ದೊಡ್ಡ ಅವ್ಯವಹಾರ ನಡೆದಿರಬೇಕೆಂದು ಪಂಕಜಮ್ಮ ಅಕ್ಕಪಕ್ಕದವರಿಗೆ ಹೇಳಿದ್ದಳು. ಕಂಪನಿ ಕೊನೆಗೆ ಮಳವಳ್ಳಿಗೇ ಬಂದಾಗ ಅವನಿಗೆ ಸಂತೋಷಕ್ಕಿಂತ ಭಯವೇ ಹೆಚ್ಚಾಯಿತು. ಸ್ವಂತ ಊರಿನಲ್ಲಿ ತಲೆಗೆ ಮಫ್ಲರು ಸುತ್ತಿ ಕೊನೆಯ ಬೆಂಚಿನಲ್ಲಿ ಕೂತರೂ, ಪಕ್ಕದವನು ‘ಏನ್ ಸ್ವಾಮಿ, ನಮ್ ಭಾವನ ಕಾಗ್ದ ಬಂತಾ?’ ಎಂದು ಕೇಳುತ್ತಾನೆ. ಇಲ್ಲಿ ನಾಲ್ಕೇ ಸಲ ಹೋಗಿದ್ದ. ಒಟ್ಟು ಮೂವತ್ತೊಂದು ಆಟ. ಒಮ್ಮೆಯೂ ‘ವನ್ಸ್ ಮೋರ್’ ಎಂದು ಕೂಗಿದವನಲ್ಲ. ಕೂಗುವವರನ್ನು ಕಂಡರೆ ಅವನಿಗೆ ತಾತ್ಸಾರ. ಅವರು ಬರುತ್ತಾರೆ, ಅರಚುತ್ತಾರೆ, ಹೋಗುತ್ತಾರೆ. ಮಲ್ಲಿಗಮ್ಮನನ್ನು ಬಲ್ಲವನೆಂದರೆ ಈ ಭೂಮಿಯ ಮೇಲೆ ತಾನೊಬ್ಬನೇ, ಸಾವಿರ ಹೆಂಗಸರ ನಡುವೆ ನಿಲ್ಲಿಸಿದರೂ ಕಣ್ಣುಮುಚ್ಚಿಕೊಂಡು ಆಕೆಯ ಗುರುತು ಹಿಡಿಯಬಲ್ಲೆ ಎಂದು ಅವನು ನಂಬಿದ್ದ.

ಆ ನಂಬಿಕೆಗೆ ಆಧಾರವೂ ಇತ್ತು. ಹೋದ ವಾರದ ಹಿಂದಿನ ವಾರ, ಅದೇ ಮೇಲಿನ ಷಡ್ಜದಲ್ಲಿ ಆಕೆಯ ದನಿ ಒಂದು ಎಳೆ ಸೀಳಿತು. ಮಾಸ್ತರರು ಗಕ್ಕನೆ ಹಾರ್ಮೋನಿಯಂ ಎತ್ತರಿಸಿ ಅದನ್ನು ಮುಚ್ಚಿದರು. ಟೆಂಟಿನಲ್ಲಿದ್ದ ಆರುನೂರು ಜನರಿಗೆ ಏನೂ ತಿಳಿಯಲಿಲ್ಲ, ಚಪ್ಪಾಳೆ ತಟ್ಟಿದರು. ಯೋಗಾನರಸಿಂಹನಿಗೆ ಮಾತ್ರ ತನ್ನ ಗಂಟಲೇ ಹರಿದಂತಾಯಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗಾಗೆದ್ದು ಕೆಮ್ಮಲು ತೊಡಗಿದ. ಚಿಕ್ಕಮಾದು ಟೆಂಟಿನ ಕಡೆಯಿಂದ ತರುತ್ತಿದ್ದ ಸುದ್ದಿ ಇನ್ನೂ ಕೆಟ್ಟದಾಗಿತ್ತು. ಭಾನುವಾರ ಆಕೆಯ ಹೆಸರಿನಲ್ಲಿ ಸಹಾಯಾರ್ಥದ ಬೆನಿಫಿಟ್ ಆಟ. ಅಂದು ದನಿ ಕೈಕೊಟ್ಟರೆ ರಾಣಿಯ ಪಾರ್ಟನ್ನು ಹೊಸದಾಗಿ ಬಂದಿರುವ ಹುಡುಗಿಗೆ ಕೊಟ್ಟು, ಮಲ್ಲಿಗಮ್ಮನನ್ನು ಕಂಪನಿಯ ಅಡುಗೆಗೆ ಹಾಕುವುದೆಂದು ಮಾಲೀಕರು ಹೇಳಿದ್ದಾರಂತೆ. ರಾಣಿಯನ್ನು ಅಡುಗೆಗೆ! ಯೋಗಾನರಸಿಂಹನ ಕಣ್ಣಿಗೆ ಈ ಪ್ರಪಂಚದಲ್ಲಿ ಆಕೆಯನ್ನು ಉಳಿಸುವುದು ಈಗ ಹಾಲಿನಪುಡಿಯ ಆ ಡಬ್ಬವೊಂದೇ.

ಆದರೆ ಹನ್ನೊಂದು ಗಂಟೆಗೆ ಚಿಕ್ಕಮಾದು ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡೇ ವಾಪಸು ಬಂದ. “ಯಾವ್ನೂ ಎದ್ದಿಲ್ಲ ಸ್ವಾಮಿ. ನಾಟ್ಕದೋರು, ಸೂರ್ಯ ನೆತ್ತಿಗ್ ಬಂದ್ರೂ ಮಲ್ಗಿರ್ತಾರೆ. ಬಂದು ತಕಂಡೋಗಿ ಅಂತ ಚೀಟಿ ಬುಟ್ಟು ಬಂದಿವ್ನಿ” ಎಂದು ಹೇಳಿ, ಪಾರ್ಸಲನ್ನು ಮೇಜಿನ ಮೇಲಿಟ್ಟು, ಕೋಟೆ ಬೀದಿಗೆ ಹೋದ. ಬಂದು ತೆಗೆದುಕೊಂಡು ಹೋಗುವುದು! ಎಂದರೆ ಆಕೆ ಇಲ್ಲಿಗೆ ಬರುತ್ತಾಳೆ. ಈ ಕಿಟಕಿಯ ಮುಂದೆ ನಿಲ್ಲುತ್ತಾಳೆ. ಯೋಗಾನರಸಿಂಹ ಎದ್ದು ಹಿಂದಿನ ಕೋಣೆಗೆ ಹೋಗಿ ಮುಖ ತೊಳೆದ, ನಾಮ ತಿದ್ದಿಕೊಂಡ, ಅಂಟಿನ ಬಟ್ಟಲಲ್ಲಿ ಬಿದ್ದಿದ್ದ ನೊಣವನ್ನು ತೆಗೆದುಹಾಕಿದ. ಏನು ಹೇಳಬೇಕು? ‘ತಾವೇ ದಯಮಾಡಿಸಿದಿರಾ?’ ಎನ್ನಬೇಕು. ಆಕೆ ‘ಪೂಜ್ಯರೆ’ ಎಂದೋ ‘ಮಹನೀಯರೆ’ ಎಂದೋ ಕರೆದಾಳು. ಮನೆಯಲ್ಲೂ ಆಕೆ ಹಾಗೆಯೇ ಮಾತಾಡುತ್ತಾಳೆಂದೂ, ‘ಎಲೈ ಸಖಿ, ನೀರನ್ನು ತಾರೆ’ ಎಂದೇ ಹೇಳುತ್ತಾಳೆಂದೂ ಅವನು ಮೂರು ವರ್ಷದಿಂದ ಊಹಿಸಿಕೊಂಡಿದ್ದ. ಕಳುಹಿಸಿದವರಾರು ಎಂದು ಕೇಳಿದರೆ? ಕಣ್ಣು ತಗ್ಗಿಸಿ, ‘ಇದ್ದಾರೆ, ತಮ್ಮ ಒಬ್ಬ ಹಿತೈಷಿ’ ಎನ್ನಬೇಕು. ಆ ತಗ್ಗಿಸಿದ ಕಣ್ಣಿನಲ್ಲೇ ಆಕೆಗೆ ಎಲ್ಲ ತಿಳಿದುಬಿಡಬೇಕು. ಇದನ್ನು ಅವನು ಮೂರು ಸಲ ಮನಸ್ಸಿನಲ್ಲೇ ಆಡಿ ನೋಡಿದ.

“ಸ್ವಾಮಿ, ಈ ಚೀಟಿ.”

ಅಷ್ಟರಲ್ಲಿ ಕಿಟಕಿಯ ಮುಂದೆ ಸಾಲು ಬೆಳೆದಿತ್ತು. ರೇಡಿಯೋ ಲೈಸೆನ್ಸು ಕಟ್ಟಲು ಬಂದ ಪೂರಿಗಾಲಿಯ ಇಬ್ಬರು ಗೌಡರನ್ನು ಬದಿಗೆ ತಳ್ಳಿ, ಕಂಬಿಯೊಳಗಿಂದ ಒಂದು ಕಪ್ಪು ಕೈ ಚೀಟಿಯನ್ನು ಚಾಚಿತ್ತು. ನೋಡಿದರೆ ಐವತ್ತು ಸಮೀಪಿಸಿದ ಕುಳ್ಳಗಿನ ಹೆಂಗಸು. ತಲೆಗೂ ಕಿವಿಗೂ ಸೇರಿಸಿ ಟವೆಲು ಸುತ್ತಿದ್ದಳು. ಕತ್ತಿಗೆ ಏನೋ ಪಟ್ಟು ಹಾಕಿದ್ದು ಅರಿಸಿನ ಸೋರಿ ರವಿಕೆಗೆ ಇಳಿದಿತ್ತು. ಚೀಟಿ ನೋಡಿದ ಯೋಗಾನರಸಿಂಹನಿಗೆ ನಿರಾಸೆಯಿಂದ ಸಿಟ್ಟು ಬಂತು. ಕಳಿಸಿದ್ದಾರೆ, ಅಡುಗೆಯವಳನ್ನು! “ಇದನ್ನ ಅವರೇ ಬಂದು ರುಜು ಹಾಕಿ ತಗೋಬೇಕಮ್ಮ. ಕಂಡಕಂಡವರ ಕೈಲಿ ಕೊಡೋಕಾಗಲ್ಲ” ಎಂದ. ಹೆಂಗಸು ಗಂಟಲಿನ ಮೇಲೆ ಕೈಯಿಟ್ಟುಕೊಂಡು, ಗಾಳಿಯಲ್ಲೇ ಮಾತಾಡುವಂತೆ, “ನಂದೇಯ ಕನ ಸ್ವಾಮಿ” ಎಂದಳು.

“ಏನು ನಿಂದು?”

“ಪಾರ್ಸಲ್ಲು. ನಾನೇ ಮಲ್ಲಿಗಮ್ಮ.”

ಯೋಗಾನರಸಿಂಹನಿಗೆ ಒಮ್ಮೆಲೇ ನಗು ಬಂತು. ಬೇರೆ ಯಾವ ಪೋಸ್ಟ್ ಮಾಸ್ಟರನಾಗಿದ್ದರೂ ಆ ಹೆಂಗಸಿನ ಮುಖ ನೋಡದೆ ರುಜು ಹಾಕಿಸಿಕೊಂಡು ಡಬ್ಬ ಕೊಟ್ಟುಬಿಡುತ್ತಿದ್ದ. ಇವನು ಅಭಿಮಾನಿ. ಹದಿನಾರು ಸಲ ಮದ್ದೂರಿನಲ್ಲಿ, ಹನ್ನೊಂದು ಸಲ ಮಂಡ್ಯದಲ್ಲಿ! ರಾಣಿಯ ಆ ನೀಳ ಕತ್ತು, ಆ ಬಣ್ಣ, ಹೆಜ್ಜೆಯಿಡುವಾಗಿನ ಆ ಠೀವಿ. ಇಂಥ ಪೋಸ್ಟಾಫೀಸು ಬೇರೆ ಎಲ್ಲಿಯೂ ಇರಲಾರದೆಂದು, ಮೋಸಗಾರರ ಕೈಗೆ ಆಕೆಯ ಔಷಧಿ ಸೇರದಂತೆ ಕಾಯಲು ದೇವರೇ ತನ್ನನ್ನು ಈ ಕುರ್ಚಿಯಲ್ಲಿ ಕೂರಿಸಿದ್ದಾನೆಂದು ಅವನಿಗೆ ಅನ್ನಿಸಿತು. “ನೋಡಮ್ಮ, ಮಲ್ಲಿಗಮ್ಮನವರು ಯಾರು, ಹೇಗಿದಾರೆ ಅಂತ ನನಗೆ ಗೊತ್ತಿದೆ. ಯಾರ ಹತ್ರ ಆಟ ಕಟ್ತಾ ಇದೀಯ?” ಎಂದ. “ಬಣ್ಣ ಇಲ್ದೆ ಇಂಗೇ ಇರಾದು ಸ್ವಾಮಿ” ಎಂದಳು ಹೆಂಗಸು. “ಹಾಗಾದ್ರೆ ಈ ಊರಲ್ಲಿ ನಿನ್ನ ಗುರುತು ಹೇಳೋರು ಯಾರಾದ್ರೂ ಇದಾರಾ? ಗೊತ್ತಿರೋರು ಒಬ್ಬರು ಬಂದು, ಇವಳೇ ಆಕೆ, ನಾನು ಬಲ್ಲೆ ಅಂತ ಹೇಳಲಿ. ಕೊಡ್ತೀನಿ.” ಹೆಂಗಸು ಹಿಂದೆ ತಿರುಗಿ ನೋಡಿದಳು. ಪೂರಿಗಾಲಿಯವರಿಬ್ಬರೂ ರೇಡಿಯೋ ಲೈಸೆನ್ಸಿನ ಪುಸ್ತಕ ಹಿಡಿದುಕೊಂಡು ಆಕಾಶ ನೋಡಿದರು. “ಮಾಲೀಕ್ರು ಬೆಂಗ್ಳೂರ್ಗೋಗವ್ರೆ. ಮಿಕ್ಕೋರು ಮಲ್ಗವ್ರೆ. ಈ ಊರಲ್ಲಿ ನನ್ನ ಯಾರು ಬಲ್ರು ಸ್ವಾಮಿ?” ಎಂದಳು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಯೋಗಾನರಸಿಂಹನ ನಾಲಗೆಯ ಮೇಲೆ ಅಂದು ಶನಿ ಕೂತಿದ್ದ. ಸಾಲಿನಲ್ಲಿ ನಿಂತವರು ಕೇಳುವಂತೆ, “ಅಷ್ಟು ಕಷ್ಟ ಯಾಕೆ? ಮಲ್ಲಿಗಮ್ಮ ಅಂದಮೇಲೆ ಒಂದು ಸಾಲು ಹಾಡಿಬಿಡು. ನನಗೆ ದನಿ ಗೊತ್ತು. ಗುರುತು ಹಿಡೀತೀನಿ” ಎಂದ. ಗೌಡರಲ್ಲೊಬ್ಬ ಹಲ್ಲು ಕಿರಿದು, “ಆಡ್ಬುಡಮ್ಮೋ, ನಮ್ಗೂ ಬಿಟ್ಟಿ ನಾಟ್ಕ ಆಯ್ತದೆ” ಎಂದ. ಎಲ್ಲರೂ ನಕ್ಕರು. ಹೆಂಗಸು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಕತ್ತಿನ ಪಟ್ಟಿನ ಮೇಲಿದ್ದ ಕೈಯನ್ನು ತೆಗೆಯದೆ ಅವನನ್ನು ಒಂದು ಕ್ಷಣ ನೋಡಿ, “ಇರಾದು ಒಸಿ. ಭಾನ್ವಾರುಕ್ಕೆ ಮಡಿಕ್ಕಂಡಿವ್ನಿ ಸ್ವಾಮಿ. ಡಬ್ಬುಕ್ಕೋಸ್ಕರ ಕಳಕ್ಕೊಳಾಕಾಯ್ತದಾ?” ಎಂದು ಹೇಳಿ, ಚೀಟಿಯನ್ನು ನಾಲ್ಕಾಗಿ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದು ಹೋದಳು. ಯೋಗಾನರಸಿಂಹ ಗೆದ್ದವನಂತೆ ಲೈಸೆನ್ಸಿನ ಪುಸ್ತಕಕ್ಕೆ ಮೊಹರು ಹೊಡೆದ. ಈ ಸಲ ನೆಟ್ಟಗೆ ಬಿತ್ತು.

ಬೀದಿಯಿಂದ ಬಂದ ಚಿಕ್ಕಮಾದು ಮೆಟ್ಟಿಲ ಮೇಲೆ ಚಪ್ಪಲಿ ಬಿಡುತ್ತಲೇ, “ಏನ್ ಸ್ವಾಮಿ, ಮಲ್ಲಿಗಮ್ಮಾರು ಬರೀ ಕೈಲಿ ಓಯ್ತಾವ್ರೆ? ಪಾರ್ಸಲ್ ಕೊಡ್ನಿಲ್ವಾ?” ಎಂದ.

ಯೋಗಾನರಸಿಂಹ ಕೈಯಲ್ಲಿದ್ದ ಮೊಹರನ್ನು ಮಸಿಯ ಮೇಲೆ ಇಟ್ಟ, ಮತ್ತೆ ತೆಗೆದ, ಮತ್ತೆ ಇಟ್ಟ. ‘ಇರಾದು ಒಸಿ’ ಎಂಬ ಮಾತು ಕಿವಿಯಲ್ಲಿತ್ತು. ಆ ಗಾಳಿಮಾತಿನ ಕೊನೆಯಲ್ಲಿ ‘ಸ್ವಾಮಿ’ ಎಂದಾಗ ಸ್ವರ ಇಳಿದ ರೀತಿ, ರಾಣಿ ಕಾಡಿನಲ್ಲಿ ‘ಸ್ವಾಮಿ’ ಎಂದು ಪತಿಯನ್ನು ಕರೆಯುವಾಗ ಇಳಿಯುವಂತೆಯೇ ಇತ್ತಲ್ಲ? ಮೂವತ್ತೊಂದು ಸಲ ಕೇಳಿದ್ದಲ್ಲ? ಕೇಳಿದ್ದು ಏನನ್ನು ಹಾಗಾದರೆ? ಅವನಿಗೆ ನಾಚಿಕೆಯಾಯಿತು. ಹಾಡು ಎಂದೆ. ಜನರ ಮುಂದೆ, ಹಾಡು ಎಂದೆ. ಎದ್ದು, ಕಿಟಕಿಯ ಬಾಗಿಲು ಹಾಕಿ, ಸಾಲಿನಲ್ಲಿದ್ದವರು “ಇದ್ಯಾವ ನ್ಯಾಯ ಸ್ವಾಮಿ?” ಎನ್ನುತ್ತಿದ್ದರೂ ಕೇಳದೆ, ಪಾರ್ಸಲನ್ನು ಎದೆಗವಚಿಕೊಂಡು ಟೆಂಟಿನ ಕಡೆ ಓಡಿದ. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಪೋಸ್ಟ್ ಮಾಸ್ಟರನೊಬ್ಬ ಬೀದಿಯಲ್ಲಿ ಓಡಿದ್ದನ್ನು ಪೇಟೆಯವರು ಕಂಡದ್ದು ಅದೇ ಮೊದಲು. ಯಾರದೋ ಸಾವಿನ ತಂತಿ ಬಂದಿದೆಯೆಂದು ಅಂಗಡಿಗಳಲ್ಲಿ ಕೂತವರು ಎದ್ದು ನಿಂತರು.

ಟೆಂಟಿನ ಹಿಂದೆ, ಅರಮನೆಯ ಪರದೆ ಒಣಹಾಕಿದ್ದ ಗಳದ ನೆರಳಲ್ಲಿ, ಆಕೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಯೋಗಾನರಸಿಂಹ ಏದುಸಿರು ಬಿಡುತ್ತ ಪಾರ್ಸಲನ್ನು ಮುಂದಿಟ್ಟ. ‘ತಾವೇ ದಯಮಾಡಿಸಿದಿರಾ’ ಮುಂತಾದದ್ದೆಲ್ಲ ಎಲ್ಲಿ ಹೋಯಿತೋ, “ತಪ್ಪಾಯ್ತು ತಾಯಿ. ಇಲ್ಲಿ ರುಜು ಹಾಕಿ” ಎಂದಷ್ಟೇ ಬಾಯಿಂದ ಬಂತು. “ಬುಡಿ ಸ್ವಾಮಿ, ನಿಮ್ ರೂಲ್ಸು ನಿಮ್ಗೆ” ಎಂದು ಆಕೆ ರುಜು ಹಾಕಿ, ಹಲ್ಲಿನಲ್ಲೇ ದಾರ ಕಿತ್ತು, ಡಬ್ಬದ ಮುಚ್ಚಳ ತೆಗೆದು ಮೂಸಿದಳು. ಬೆರಳಲ್ಲಿ ಒಂದಿಷ್ಟು ತೆಗೆದು ನಾಲಗೆಗೆ ಹಚ್ಚಿಕೊಂಡು ಕಣ್ಣು ಮುಚ್ಚಿ ಚಪ್ಪರಿಸಿದಳು. “ಇಪ್ಪಲಿ ಆಕವ್ರೆ. ಅಂಗ್ಡಿದಲ್ಲ ಇದು, ಮನೇಲಿ ಕೂತು ಮಾಡಿರಾದು” ಎಂದಳು. ಆಮೇಲೆ ಬಟ್ಟೆ ತಿರುಗಿಸಿ ಕಳುಹಿಸಿದವರ ಹೆಸರನ್ನು ಕೂಡಿಸಿ ಕೂಡಿಸಿ ಓದಿದಳು. “ಸ್ಯಾಮಣ್ಣ. ಯಲಿಯೂರು. ಯಾರು ಸ್ವಾಮಿ ಇವ್ರು?”

ಈಗ ಹೇಳಬೇಕು. ಕಣ್ಣು ತಗ್ಗಿಸಬೇಕು. ಯೋಗಾನರಸಿಂಹ ಬಾಯಿ ತೆರೆದ. “ಅವತ್ತು ನಮ್ ಗಂಟ್ಲು ಸೀಳಿದ್ದು ಟೆಂಟಲ್ಲಿ ಯಾರ್ಗೂ ಗೊತ್ತಾಗ್ನಿಲ್ಲ, ಮಾಸ್ತ್ರುಗೊಬ್ರುಗೆ ಬುಟ್ಟು” ಎಂದು ಆಕೆ ತನ್ನಷ್ಟಕ್ಕೆ ಹೇಳಿಕೊಂಡಳು. “ಈ ಪುಣ್ಯಾತ್ಮ ಎಲ್ಲೋ ಮೂಲೇಲಿ ಕೂತು ಕೇಳಿ ತಿಳ್ಕಂಡವ್ರಲ್ಲ. ಇಪ್ಪತ್ತೆಂಟು ವರ್ಸದಿಂದ ಆಡ್ತಾ ಇವ್ನಿ, ಜನ ನೋಟು ಚುಚ್ಚವ್ರೆ, ಮೆಡ್ಲು ಕೊಟ್ಟವ್ರೆ, ಒಬ್ರೂ ಇದ್ನ ಕೊಟ್ಟಿರ್ನಿಲ್ಲ.” ಆಕೆಯ ಕಣ್ಣು ಒದ್ದೆಯಾಗಿತ್ತು, ಬೆಳ್ಳುಳ್ಳಿಯ ಘಾಟಿಗೂ ಇರಬಹುದು. ಯೋಗಾನರಸಿಂಹ ಇನ್ನೊಂದು ಹೆಜ್ಜೆ ಮುಂದೆ ಬಂದ. ಆಗ ಆಕೆ ಅವನ ಕಡೆ ತಿರುಗಿ, ನಿಷ್ಠುರವಿಲ್ಲದೆ, “ನೀವು ನಾಟ್ಕ ನೋಡಾಕಿಲ್ವಾ ಸ್ವಾಮಿ?” ಎಂದಳು.

“ಇಲ್ಲಮ್ಮ” ಎಂದ ಯೋಗಾನರಸಿಂಹ.

“ಅದ್ಕೇಯ ಬುಡಿ, ಗುರ್ತು ಸಿಕ್ನಿಲ್ಲ. ಆ ಸ್ಯಾಮಣ್ಣನೋರಾಗಿದ್ರೆ ಕತ್ಲೇಲಿ ನಿಂತಿದ್ರೂ ನನ್ನ ಗುರ್ತು ಇಡೀತಿದ್ರು.”

ಅದಾದ ಮೇಲೆ ಆಕೆ ಕೇಳಿದ್ದಕ್ಕೆಲ್ಲ ಅವನು ತಲೆಯಾಡಿಸಿದ. ಭಾನುವಾರದ ಮೊದಲ ಆಟಕ್ಕೆ ಶ್ಯಾಮಣ್ಣನವರು ಬರಲೇಬೇಕು. ಮುಂದಿನ ಸಾಲಿನ ನಡುವಿನ ಕುರ್ಚಿ ಅವರದು, ಟಿಕೀಟು ಬೇಡ. ‘ನಿಮ್ ಮಖ ನೋಡ್ಕಂಡು ಆಡ್ತೀನಿ, ಇಲ್ದಿದ್ರೆ ನಂಗೆ ಧೈರ್ಯ ಇಲ್ಲ’ ಎಂದು ಒಂದು ಕಾರ್ಡು ಬರೆದು ಹಾಕಿಕೊಡಬೇಕು. ತನಗೆ ಓದಲು ಬರುತ್ತದೆ, ಬರೆಯಲು ಕೈ ಬರುವುದಿಲ್ಲ. ಯೋಗಾನರಸಿಂಹ ಕಚೇರಿಗೆ ಬಂದು, ತನಗೆ ತಾನೇ ಕಾರ್ಡು ಬರೆದ. ಅಕ್ಷರ ಬೇರೆ ಕಾಣಲೆಂದು ಎಡಕ್ಕೆ ವಾಲಿಸಿ ಬರೆದ. ಅಂಥ ಮನುಷ್ಯನೇ ಇಲ್ಲದ ಮೇಲೆ ಅಕ್ಷರ ನೋಡುವವರು ಯಾರು ಎಂಬುದು ಬರೆದು ಮುಗಿಸಿದ ಮೇಲೆ ಹೊಳೆಯಿತು. ಹರಿದುಹಾಕಬಹುದಿತ್ತು. ಆದರೆ ಅಂಚೆಗೆಂದು ಕೊಟ್ಟ ಕಾಗದವನ್ನು ಹರಿಯುವುದು ಅಪರಾಧ. ಚೀಲಕ್ಕೆ ಹಾಕಿದ. ಆಮೇಲಿನ ಮೂರು ದಿನ ಅವನಿಗೆ ಶ್ಯಾಮಣ್ಣನ ಮೇಲೆ ಹೊಟ್ಟೆಕಿಚ್ಚು ಶುರುವಾಯಿತು. ಎಂಥ ಮನುಷ್ಯ! ಯಾರಿಗೂ ಹೆದರದವನು, ಹೆಂಡತಿಗೆ ಸುಳ್ಳು ಹೇಳದವನು, ಮಫ್ಲರಿಲ್ಲದೆ ಮುಂದಿನ ಸಾಲಿನಲ್ಲಿ ಕೂರುವವನು. ಕನ್ನಡಿ ನೋಡಿದಾಗಲೆಲ್ಲ ಅವನೆದುರು ತಾನು ಪೆಚ್ಚಾಗಿ ಕಂಡ.

ಭಾನುವಾರ ಸಂಜೆ, ದೇವಸ್ಥಾನದಲ್ಲಿ ಹರಿಕಥೆಯೆಂದು ಹೇಳಿ ಹೊರಟ. ಟೆಂಟಿನ ಬಾಗಿಲಲ್ಲಿ ನಿಂತ ಕಂಪನಿಯ ಮ್ಯಾನೇಜರು ಬಂದಬಂದವರನ್ನೆಲ್ಲ, “ಯಲಿಯೂರು ಶ್ಯಾಮಣ್ಣನವರಾ?” ಎಂದು ಕೇಳುತ್ತಿದ್ದ. ಮಫ್ಲರಿನಲ್ಲಿ ಗುರುತು ಸಿಗದೆ ಯೋಗಾನರಸಿಂಹನನ್ನೂ ಕೇಳಿದ. “ಅಲ್ಲ” ಎಂದು ಬೆಂಚಿನ ಟಿಕೀಟು ತೋರಿಸಿ ಒಳಗೆ ಹೋದ. ಬೆನ್ನ ಹಿಂದೆಯೇ, “ಊಂ ಕನಪ್ಪ, ನಾನೇಯ” ಎಂಬ ಒಂದು ದಪ್ಪ ದನಿ ಕೇಳಿ ತಿರುಗಿ ನೋಡಿದರೆ ಬಂಡೂರಿನ ಕೆಂಪಸಿದ್ದಯ್ಯ! ಕುರಿ ಕಾಯುವ ಕೆಂಪಸಿದ್ದಯ್ಯ. ಅಳಿಯನ ಕಾಗದ ಬಂದರೆ ಪೋಸ್ಟಾಫೀಸಿನ ಜಗಲಿಯಲ್ಲಿ ಕೂತು ಯೋಗಾನರಸಿಂಹನ ಕೈಲೇ ಓದಿಸಿಕೊಂಡು ಹೋಗುವವನು. ಮ್ಯಾನೇಜರು ಗುರುತು ಕೇಳಲಿಲ್ಲ, ಸಾಕ್ಷಿ ಕೇಳಲಿಲ್ಲ, ಕೈ ಹಿಡಿದು ಕರೆದುಕೊಂಡು ಹೋಗಿ ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ಕೂರಿಸಿದ. ಕೆಂಪಸಿದ್ದಯ್ಯ ಕಂಬಳಿಯನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕಾಲನ್ನು ಕುರ್ಚಿಯ ಮೇಲೆತ್ತಿ ಕೂತ.

ಗಲಾಟೆಯಾದದ್ದು ಎರಡನೆಯ ಅಂಕಕ್ಕೆ ಮುಂಚೆ, ರಾಣಿಯ ಹಾಡಿನ ಹೊತ್ತಿಗೆ. ಪಕ್ಕದ ಕುರ್ಚಿಯ ಅಮಲ್ದಾರರ ಮನೆಯವರು ಕುರಿಯ ವಾಸನೆಯೆಂದು ಎದ್ದು ನಿಂತರು. ಮ್ಯಾನೇಜರು ಬಂದು, “ಸ್ವಾಮಿ, ಡಬ್ಬದಲ್ಲಿ ಏನು ಕಳಿಸಿದ್ರಿ ಹೇಳಿ?” ಎಂದ. “ಬೆಣ್ಣೆ” ಎಂದ ಕೆಂಪಸಿದ್ದಯ್ಯ ಧೈರ್ಯವಾಗಿ. ಟೆಂಟು ಗೊಳ್ಳೆಂದಿತು. “ಎಬ್ಸಿ ಆಚ್ಗಾಕ್ರಲಾ ಅವ್ನ” ಎಂದು ಯಾರೋ ಕೂಗಿದರು. ಇಬ್ಬರು ಅವನ ರಟ್ಟೆಗೆ ಕೈ ಹಾಕಿದರು. ಮಾಸ್ತರರು ಎಳೆಯುತ್ತಿದ್ದ ಶ್ರುತಿ ನಿಂತಿತು. ಪಕ್ಕದ ಪರದೆಯ ಸಂದಿಯಿಂದ ರಾಣಿಯ ಕಿರೀಟವೂ ಅರ್ಧ ಮುಖವೂ ಕಾಣಿಸಿದವು. ಆ ಮುಖದ ಬಣ್ಣದಡಿಯಲ್ಲಿ ಬುಧವಾರದ ಹೆಂಗಸನ್ನು ಯೋಗಾನರಸಿಂಹ ಈಗ ಸ್ಪಷ್ಟವಾಗಿ ಕಂಡ. ಬೆದರಿದ್ದಳು. ಶ್ಯಾಮಣ್ಣನವರು ಬರಲೇ ಇಲ್ಲವೆಂದು ಆಕೆಯ ಕೈ ಗಂಟಲಿಗೆ ಹೋಯಿತು.

“ಪೋಸ್ಟ್ ಮಾಸ್ಟ್ರು ಇಲ್ಲೇ ಇದಾರಲ್ಲ!” ಎಂದ ಮ್ಯಾನೇಜರು. “ಕಾರ್ಡು ಹಾಕಿದೋರು ನೀವೇ ಅಲ್ವಾ ಸ್ವಾಮಿ? ನಿಮಗೆ ಗೊತ್ತಿರುತ್ತೆ. ಶ್ಯಾಮಣ್ಣ ಇವನೇ ಹೌದೋ ಅಲ್ವೋ ಹೇಳ್ಬಿಡಿ.”

ಇಡೀ ಟೆಂಟು ಕೊನೆಯ ಬೆಂಚಿನತ್ತ ತಿರುಗಿತು. ಮಫ್ಲರು ಕಳಚಿ ಹೆಗಲಿಗೆ ಬಿದ್ದಿತ್ತು. ಯೋಗಾನರಸಿಂಹ ಎದ್ದು ನಿಂತ. ‘ನಾನೇ’ ಎಂಬ ಎರಡಕ್ಷರ ನಾಲಗೆಯ ಮೇಲೆಯೇ ಇತ್ತು. ಹೇಳಿದರೆ, ಆ ಕುರ್ಚಿ ತನ್ನದು. ಹೇಳಿದರೆ, ಜನರ ಮುಂದೆ ಹಾಡು ಎಂದವನೂ, ಲೇಹ್ಯ ಕಳುಹಿಸಿದವನೂ ಒಬ್ಬನೇ ಎಂದು ಆಕೆಗೆ ತಿಳಿಯುತ್ತದೆ. ಗುರುತು ಹಿಡಿಯಬಲ್ಲವನೊಬ್ಬ ಇದ್ದಾನೆಂದು ನಾಲ್ಕು ದಿನದಿಂದ ನಂಬಿರುವವಳಿಗೆ, ಅಂಥವನು ಯಾರೂ ಇಲ್ಲವೆಂದು ತಿಳಿಯುತ್ತದೆ. ಅದನ್ನು ಕೇಳಿ ಆಕೆ ಮೇಲಿನ ಷಡ್ಜಕ್ಕೆ ಹತ್ತಿಯಾಳೆ? ಪರದೆಯ ಸಂದಿಯಿಂದ ಆಕೆ ಅವನನ್ನೇ ನೋಡುತ್ತಿದ್ದಳು.

“ಇವರೇ ಯಲಿಯೂರಿನ ಶ್ಯಾಮಣ್ಣನವರು” ಎಂದ ಯೋಗಾನರಸಿಂಹ, ಟೆಂಟಿನ ತುದಿಗೆ ಕೇಳುವಂತೆ. “ನಾನು ಬಲ್ಲೆ.”

ಸರ್ಕಾರಿ ನೌಕರನ ಮಾತು. ರಟ್ಟೆ ಹಿಡಿದವರು ಕೈ ಬಿಟ್ಟರು. ಕೆಂಪಸಿದ್ದಯ್ಯ ಬಾಯಿ ತೆರೆದುಕೊಂಡು ಅವನನ್ನು ನೋಡಿದ. ಆಮೇಲೆ, ಪೋಸ್ಟ್ ಮಾಸ್ಟರರೇ ಹೇಳಿದ ಮೇಲೆ ಇದ್ದರೂ ಇರಬಹುದೆಂಬಂತೆ, ಕಾಲು ಕೆಳಗಿಳಿಸಿ ನೆಟ್ಟಗೆ ಕೂತ. ರಾಣಿ ಬಂದಳು. ಕೆಂಪಸಿದ್ದಯ್ಯನಿಗೆ ಕೈಮುಗಿದಳು. ಅವನೂ ಎದ್ದು ಕೈಮುಗಿದ. ಅವನ ಮುಖದ ಮೇಲೆ ಕಣ್ಣಿಟ್ಟು ಆಕೆ ಹಾಡಲು ತೊಡಗಿದಳು. ದನಿ ಮೊದಲು ತಗ್ಗಿನಲ್ಲಿ ತಡವರಿಸಿತು, ಮೆಟ್ಟಿಲು ತಡವಿಕೊಂಡು ಹತ್ತಿತು, ಮೇಲಿನ ಷಡ್ಜಕ್ಕೆ ಬಂದಾಗ ಮಾಸ್ತರರು ಮುಚ್ಚುವುದಕ್ಕೆಂದು ತಿದಿ ಒತ್ತಿ ಹಿಡಿದರು. ಮುಚ್ಚುವ ಅಗತ್ಯ ಬೀಳಲಿಲ್ಲ. ಆಕೆ ನಿಂತಳು, ನಿಂತೇ ಇದ್ದಳು. ಮೂವತ್ತೊಂದು ಆಟಗಳಲ್ಲಿ ಒಮ್ಮೆಯೂ ಆಕೆ ಹೀಗೆ ಹಾಡಿರಲಿಲ್ಲ ಎಂಬುದು ಯೋಗಾನರಸಿಂಹನಿಗೆ ಖಚಿತವಾಗಿ ತಿಳಿಯಿತು. ಹೊಟ್ಟೆಕಿಚ್ಚಿಗೂ ಸಂತೋಷಕ್ಕೂ ಸೇರಿ ಅವನ ಕಣ್ಣಲ್ಲಿ ನೀರು ಬಂತು. “ವನ್ಸ್ ಮೋರ್!” ಎಂದು ಯಾರೋ ಒಬ್ಬ ಬೆಂಚಿನ ಮೇಲೆ ಹತ್ತಿ ನಿಂತು ಅರಚಿದ. ಪಕ್ಕದವರು ಅಂಗಿ ಹಿಡಿದು ಕೆಳಗೆಳೆದ ಮೇಲೆಯೇ ಅದು ತಾನೆಂದು ಅವನಿಗೆ ಗೊತ್ತಾದದ್ದು.

ಆಟ ಮುಗಿದು ಜನ ಚೆದುರುವಾಗ, ಮೈದಾನದ ಅಂಚಿನಲ್ಲಿ ಕೆಂಪಸಿದ್ದಯ್ಯ ಓಡಿಬಂದು ಅವನನ್ನು ಹಿಡಿದ. “ಸ್ವಾಮಿ, ನನ್ ಮಾನ ಉಳುಸುದ್ರಿ. ಕುರ್ಚಿ ಆಸ್ಗೆ ಸುಳ್ಳಾಡ್ಬುಟ್ಟೆ. ಆಯಮ್ಮ ಅಂಗೆ ನನ್ ಮಖಾನೇ ನೋಡ್ಕಂಡು ಆಡುದ್ರೆ ಕಳ್ಳು ಚುರುಕ್ ಅಂತು.” ಕಂಬಳಿಯ ತುದಿಯಲ್ಲಿ ಮುಖ ಒರೆಸಿಕೊಂಡು, ದನಿ ತಗ್ಗಿಸಿ ಕೇಳಿದ: “ಅದ್ಸರಿ, ಯಾರು ಸ್ವಾಮಿ ಆ ಸ್ಯಾಮಣ್ಣ? ಬರ್ನೇ ಇಲ್ವಲ್ಲ, ಎಂಥಾ ಆಡ್ನ ಕಳ್ಕಂಡ, ಪಾಪ.”

“ಹೌದು ಕಣಯ್ಯ, ಪಾಪ” ಎಂದ ಯೋಗಾನರಸಿಂಹ. ಇಬ್ಬರೂ ಪೇಟೆ ಬೀದಿಯವರೆಗೆ ಒಟ್ಟಿಗೆ ನಡೆದರು.